ಸುಹೈಲಾ ಅವರ ಕಿವಿಯಾಗಿದ್ದ ವರ್ಷಗಳು

ನಾನು ಕೆಲಸ ಬಿಟ್ಟಾಗ ಯಾರೂ ಹಾರ ಹಾಕಲಿಲ್ಲ, ಕೇಕ್ ಕತ್ತರಿಸಲಿಲ್ಲ. ಕಾಲೇಜೊಂದರ ಸಭಾಂಗಣದಿಂದ ಸೆಕ್ಯುರಿಟಿಯವನು ನನ್ನ ಮೊಣಕೈ ಹಿಡಿದು ಬಾಗಿಲಿನ ತನಕ ಕರೆತಂದು ಬಿಟ್ಟ. ಅದೇ ನನ್ನ ಬೀಳ್ಕೊಡುಗೆ ಸಮಾರಂಭ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾದರೆ ನಾನು ಬರೆಯುವುದೇ ಇಲ್ಲ, ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಈ ಕೆಲಸ ಕಲಿಯಲು ಹೊರಟ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. "ಆಂಟಿ, ಕ್ಯಾಪ್ಷನಿಂಗ್ ಜಾಬ್ ಹೇಗಿರತ್ತೆ? ಮನೆಯಿಂದ್ಲೇ ಮಾಡ್ಬಹುದಾ? ಕೋರ್ಸಿಗೆ ಅಪ್ಲೈ ಮಾಡ್ಲಾ?" ಎಂದು ಕೇಳುತ್ತಾರೆ. ಮಾಡಿ. ಆದರೆ ಈ ಕೆಲಸ ನಿಜಕ್ಕೂ ಏನೆಂದು ತಿಳಿದು ಮಾಡಿ.

ಕಿವಿ ಕೇಳದವರಿಗಾಗಿ, ಆಡಿದ ಮಾತನ್ನು ಆಡಿದ ಕ್ಷಣದಲ್ಲೇ ಪರದೆಯ ಮೇಲೆ ಅಕ್ಷರವಾಗಿಸುವುದು ನಮ್ಮ ಕೆಲಸ. ಮಾಮೂಲಿ ಟೈಪಿಂಗ್ ಮಾತಿನ ವೇಗಕ್ಕೆ ಸಾಲದು. ನಾವು ಬಳಸುವ ಸ್ಟೆನೋ ಯಂತ್ರದಲ್ಲಿ ಕೆಲವೇ ಕೀಗಳು. ಹಲವನ್ನು ಒಟ್ಟಿಗೆ ಒತ್ತಿದರೆ ಒಂದು ಉಚ್ಚಾರ. ಕಂಪ್ಯೂಟರು ಅದನ್ನು ನಾವೇ ಕಟ್ಟಿಕೊಂಡ ನಿಘಂಟಿನಲ್ಲಿ ಹುಡುಕಿ ಇಂಗ್ಲಿಷ್ ಪದವಾಗಿಸುತ್ತದೆ. ನಿಘಂಟಿನಲ್ಲಿ ಇಲ್ಲದ ಪದ ಬಂದರೆ ಪರದೆಯ ಮೇಲೆ ಏನೋ ಒಂದು ಮೂಡಿ, ಸಭೆಯ ಮುಂದೆ ನಮ್ಮ ಮಾನ ಹೋಗುತ್ತದೆ.

ನಾನು ಕಲಿತದ್ದು ಹಳೆಯ ಕಾಲದ ಶಾರ್ಟ್‌ಹ್ಯಾಂಡ್. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್. ಮೇಷ್ಟ್ರು ಪೇಪರಿನ ಸಂಪಾದಕೀಯ ಓದಿ ಡಿಕ್ಟೇಷನ್ ಕೊಡುತ್ತಿದ್ದರು. "ಕಿವಿ ಕೈಗೆ ಹೇಳ್ಬೇಕು ಕಣಮ್ಮ ನಸೀಮಾ, ಮಧ್ಯೆ ತಲೆ ಬಾಯಿ ಹಾಕ್ಬಾರ್ದು" ಎನ್ನುತ್ತಿದ್ದರು. ಮದುವೆಯಾಗಿ ಅಮೆರಿಕದ ಮೇರಿಲ್ಯಾಂಡಿಗೆ ಬಂದ ಮೇಲೆ ಸ್ಟೆನೋ ಯಂತ್ರ ಕಲಿತು ಕೋರ್ಟಿಗೆ ಸೇರಿದೆ. ಅಲ್ಲೂ ಅದೇ ಪಾಠ.

ಒಂದು ಸಲ ಗುಜರಾತಿನ ಅಂಗಡಿಯವರೊಬ್ಬರು ಸಾಕ್ಷಿ ಕಟ್ಟೆಯಲ್ಲಿದ್ದರು. ವಕೀಲ ಕೇಳಿದ್ದಕ್ಕೆಲ್ಲ ನಮ್ಮವರು ಆಡಿಸುವ ಹಾಗೆ ತಲೆಯನ್ನು ಅತ್ತಿಂದಿತ್ತ ಓಲಾಡಿಸಿದರು. ಹೂಂ ಎಂದೋ ಊಹೂಂ ಎಂದೋ ಯಾರಿಗೂ ತಿಳಿಯಲಿಲ್ಲ. ಆ ಕೋಣೆಯಲ್ಲಿ ಅದರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಜಡ್ಜ್ ನನ್ನ ಕಡೆ ನೋಡಿದರು. ನಾನು ಯಂತ್ರದ ಮೇಲೆ ಕಣ್ಣಿಟ್ಟು ಕೂತೆ. ಹೇಳಲು ನನಗೆ ಅಧಿಕಾರವಿಲ್ಲ. ನಾವು ಗೋಡೆಯ ಹಾಗೆ. ಗೋಡೆಗೆ ಅಭಿಪ್ರಾಯ ಇರುವುದಿಲ್ಲ. ಬಹಳ ವರ್ಷ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದವಳು ನಾನು.

ಕೋರ್ಟು ಸಾಕಾದ ಮೇಲೆ ಹತ್ತಿರದ ರಾಕ್‌ವಿಲ್‌ನ ಒಂದು ಏಜೆನ್ಸಿಗೆ ಕ್ಯಾಪ್ಷನರ್ ಆಗಿ ಸೇರಿಕೊಂಡೆ. ಕಾಲೇಜು ತರಗತಿ, ಆಸ್ಪತ್ರೆಯ ಮೀಟಿಂಗು, ಚರ್ಚಿನ ಪ್ರವಚನ, ಊರ ಕೌನ್ಸಿಲ್ಲಿನ ಚರಂಡಿ ಜಗಳ ಎಲ್ಲವನ್ನೂ ಬರೆದಿದ್ದೇನೆ. 2020ರಲ್ಲಿ ಎಲ್ಲವೂ ಆನ್‌ಲೈನ್ ಆಯಿತು. ನಾನು ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಕೂತೆ. ಆ ವರ್ಷವೇ ಸುಹೈಲಾ ನನ್ನ ಪರದೆಯ ಮೇಲೆ ಬಂದರು.

ಸುಹೈಲಾ ಪ್ಯಾಲೆಸ್ಟೀನಿನ ಕಾದಂಬರಿಕಾರ್ತಿ. ಪ್ಯಾಲೆಸ್ಟೀನನ್ನು ಅವರು ಕಣ್ಣಾರೆ ಕಂಡದ್ದು ಮಾತ್ರ ಒಂದೇ ಸಲ, ಅದೂ ಅಮೆರಿಕದ ಪಾಸ್‌ಪೋರ್ಟ್ ಸಿಕ್ಕ ಮೇಲೆ, ಟೂರಿಸ್ಟ್ ಎಂದು. ತಂದೆಯ ಊರು ಜೆರುಸಲೇಮಿನ ಪಕ್ಕದ ಲಿಫ್ತಾ. 1948ರಲ್ಲಿ, ಇಸ್ರೇಲ್ ಹುಟ್ಟುವ ಹೊತ್ತಿನ ಹೊಡೆದಾಟದಲ್ಲಿ, ಊರಿಗೆ ಊರೇ ಬಿಟ್ಟು ಹೊರಟಿತು. ಇವರು ಹುಟ್ಟಿದ್ದು ಜೋರ್ಡಾನಿನ ರಾಜಧಾನಿ ಅಮ್ಮಾನಿನ ನಿರಾಶ್ರಿತರ ಶಿಬಿರದಲ್ಲಿ. ಹುಡುಗಿಯಾಗಿದ್ದಾಗ, 1970ರ ಅಂತರ್ಯುದ್ಧದಲ್ಲಿ, ಶಿಬಿರದ ಮೇಲೆ ಬಿದ್ದ ಫಿರಂಗಿ ಶೆಲ್ಲಿನ ಸದ್ದಿಗೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯೂ ಅರ್ಧ. ಆಮೇಲೆ ಕುವೈತ್, ಆಮೇಲೆ ಅಮೆರಿಕ. ನನಗೆ ಪರಿಚಯವಾಗುವ ಹೊತ್ತಿಗೆ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್‌ನಲ್ಲಿ ಒಬ್ಬರೇ ಇದ್ದು, ಹತ್ತಿರದ ಕಾಲೇಜೊಂದರಲ್ಲಿ ಕಥೆ ಬರೆಯುವುದನ್ನು ಕಲಿಸುತ್ತಿದ್ದರು. ನನ್ನ ಮಗಳು ಆಯೇಷಾಳ ಮನೆಯೂ ಅದೇ ಊರಿನಲ್ಲಿ.

ಮೊದಲ ಕಾರ್ಯಕ್ರಮ ಒಂದು ಲೈಬ್ರರಿಯದು. ಸಭಿಕರ ಪ್ರಶ್ನೆ ಓದಿಕೊಳ್ಳಲು ಅವರಿಗೇ ಕ್ಯಾಪ್ಷನ್ ಬೇಕಿತ್ತು. ಶುರುವಿನಲ್ಲೇ ಅವರು "ನನ್ನ ತಂದೆ ಲಿಫ್ತಾದಲ್ಲಿ ಹುಟ್ಟಿದರು" ಎಂದರು. ನನ್ನ ನಿಘಂಟಿನಲ್ಲಿ ಲಿಫ್ತಾ ಎಲ್ಲಿಂದ ಬರಬೇಕು? ಪರದೆಯ ಮೇಲೆ "ಲಿಫ್ಟ್ ಎ" ಎಂದು ಎರಡು ಇಂಗ್ಲಿಷ್ ಪದಗಳಾಗಿ ಮೂಡಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಇಂಗ್ಲಿಷಿನಲ್ಲಿ ಲಿಫ್ಟ್ ಎಂದರೆ ಎತ್ತುವುದು, ಕದ್ದು ಎತ್ತಿಕೊಂಡು ಹೋಗುವುದಕ್ಕೂ ಅದೇ ಮಾತು. ಸುಹೈಲಾ ಅದನ್ನು ಓದಿ ಮಾತು ನಿಲ್ಲಿಸಿ ನಕ್ಕುಬಿಟ್ಟರು.

"ಸರಿಯಾಗಿಯೇ ಇದೆ, ಎತ್ತಿಕೊಂಡೇ ಹೋದರು. ಬರೆಯುತ್ತಿರುವವರು ಯಾರೋ, ಅವರಿಗೆ ಚರಿತ್ರೆ ಗೊತ್ತು" ಎಂದರು.

ಮರುದಿನವೇ ಏಜೆನ್ಸಿಗೆ ಹೇಳಿದರಂತೆ, ಇನ್ನು ಮೇಲೆ ನನಗೆ ಆ ಹೆಂಗಸೇ ಬೇಕು ಎಂದು. ಆಮೇಲೆ ಪ್ರತಿ ಕಾರ್ಯಕ್ರಮದ ಮುಂಚೆ ನಾವಿಬ್ಬರೂ ವಿಡಿಯೊದಲ್ಲಿ ಕೂತು ಪದ ಸಿದ್ಧಮಾಡಿಕೊಳ್ಳುವುದು ರೂಢಿಯಾಯಿತು. ಅವರು ಒಂದೊಂದೇ ಊರಿನ ಹೆಸರು, ತಿಂಡಿಯ ಹೆಸರು, ಜನರ ಹೆಸರು ಹೇಳುವರು. ನಾನು ಅದಕ್ಕೊಂದು ಕೀ ಜೋಡಣೆ ಮಾಡಿಕೊಳ್ಳುವೆ. ಪ್ರತಿ ಹೆಸರಿನ ಹಿಂದೆ ಒಂದು ಕಥೆ. ಹುಡುಗಿಯರೇ, ತಯಾರಿಯ ಈ ಗಂಟೆಗೆ ಏಜೆನ್ಸಿಗಳು ಸಂಬಳ ಕೊಡುವುದಿಲ್ಲ. ಆದರೆ ಕೆಲಸ ನಡೆಯುವುದೇ ಅಲ್ಲಿ.

ಅವರ ಕಾದಂಬರಿಯೊಂದನ್ನು ತರಿಸಿ ಓದಿದೆ. ಶಿಬಿರದ ಒಂದೇ ನಲ್ಲಿಯ ಮುಂದೆ ನೀರಿಗೆ ಕಾಯುವ ನಾಲ್ವರು ಹೆಂಗಸರ ಕಥೆ. ಕೊಡ ಸರದಿಯಲ್ಲಿಟ್ಟು ಮನೆಗೆ ಹೋಗಿ ಬರುವುದು, ಯಾರೋ ಕೊಡ ಸರಿಸಿದರೆಂದು ಜಗಳ, ಜಗಳದ ನಡುವೆ ಒಬ್ಬಳ ಹೆರಿಗೆ ನೋವು. ನೀರು ಬರುವ ಮೊದಲು ನಲ್ಲಿ ಉಸಿರೆಳೆದುಕೊಳ್ಳುವ ಸದ್ದನ್ನು ಅವರು ಒಂದು ಪುಟದಷ್ಟು ಬರೆದಿದ್ದರು. ಮೈಸೂರಿನ ನಮ್ಮ ಬೀದಿಯ ನಲ್ಲಿಯೂ ಹಾಗೇ ಉಸಿರೆಳೆಯುತ್ತಿತ್ತು. ಅರ್ಧ ಕಿವಿಯವರು ಇದನ್ನೆಲ್ಲ ಹೇಗೆ ಕೇಳಿಸಿಕೊಂಡರು ಎಂದು ಕೇಳಿದೆ.

"ಹೋದ ಕಿವಿಯಲ್ಲಿ ಅದೊಂದು ಸದ್ದು ಉಳಿದುಕೊಂಡಿದೆ" ಎಂದರು.

ಅವರು ಬರೆಯುತ್ತಿದ್ದುದು ಮನೆಯಲ್ಲಲ್ಲ, ಕಾರಿನಲ್ಲಿ. ಮನೆ ನಿಶ್ಶಬ್ದವಾದರೆ ಕಿವಿಯೊಳಗೆ ಗುಂಯ್ ಎನ್ನುತ್ತದಂತೆ. ಅದಕ್ಕೆ ಬೆಳಗ್ಗೆ ಅಂಗಡಿಯ ಪಾರ್ಕಿಂಗ್ ಲಾಟಿಗೆ ಹೋಗಿ, ಎಂಜಿನ್ ಆನ್ ಮಾಡಿಟ್ಟು, ಸ್ಟೀರಿಂಗಿಗೆ ಪ್ಯಾಡ್ ಒರಗಿಸಿಕೊಂಡು ಬರೆಯುವುದು. ಎಂಜಿನ್ನಿನ ನಡುಕ ಬೆನ್ನಿಗೆ ತಾಗುತ್ತಿದ್ದರೆ ಗುಂಯ್ ಅನ್ನುವುದು ಮರೆಯುತ್ತದೆ ಎನ್ನುತ್ತಿದ್ದರು. ಒಂದು ಸಲ ಯಾರೋ ಅನುಮಾನಪಟ್ಟು ಪೊಲೀಸರನ್ನು ಕರೆದರು. ಪೊಲೀಸ್ ಬಂದು ಗಾಜು ಬಡಿದರೆ ಇವರಿಗೆ ಕೇಳಿಸಿಲ್ಲ. ತಲೆ ಎತ್ತುವಷ್ಟರಲ್ಲಿ ಅವನ ಕೈ ಪಿಸ್ತೂಲಿನ ಮೇಲಿತ್ತು. "ಏನು ಮಾಡ್ತಿದ್ದೀರಿ?" "ಕಾದಂಬರಿ." "ಯಾವುದರ ಬಗ್ಗೆ?" "ನಿಮಗೆ ಟೈಮ್ ಇದೆಯಾ?" ಎಂದು ಕೇಳಿದರಂತೆ.

ಬರೆದು ಮುಗಿಸಿ ಸುಮ್ಮನೆ ಕೂರುವ ಹೆಂಗಸಲ್ಲ. ವಾರಕ್ಕೊಮ್ಮೆ ಅಲ್ಲಿನ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ, ಸದಸ್ಯರ ಕಚೇರಿ ಮುಂದೆ ಬೋರ್ಡ್ ಹಿಡಿದು ನಿಲ್ಲುವರು. ಶನಿವಾರ ನಿರಾಶ್ರಿತ ಹೆಂಗಸರನ್ನು ಕೂರಿಸಿಕೊಂಡು ಅವರವರ ಕಥೆ ಬರೆಸುವರು. ವಾಷಿಂಗ್‌ಟನ್‌ನಲ್ಲಿ ಒಂದು ಧರಣಿಗೆ ಕೂತಾಗ, ಎದ್ದೇಳಿ ಎಂದು ಪೊಲೀಸರು ಕೂಗಿದ್ದು ಕೇಳಿಸದೆ, ಎಲ್ಲರೂ ಎದ್ದ ಮೇಲೂ ಒಬ್ಬರೇ ಕೂತಿದ್ದರಂತೆ. ಪತ್ರಿಕೆಯವರು ಅದನ್ನು ಮಹಾ ಧೈರ್ಯವೆಂದು ಬರೆದರು. "ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಹಿಯರಿಂಗ್ ಏಡ್ ಬ್ಯಾಟರಿ ಮುಗಿದಿತ್ತು" ಎಂದು ನನಗೆ ಹೇಳಿದರು.

ಸಭೆಗಳು ಮತ್ತೆ ಎದುರೆದುರು ನಡೆಯಲು ಶುರುವಾದ ಮೇಲೆ ನಾನು ಅವರೊಂದಿಗೆ ಅಟ್ಲಾಂಟಾದ ಒಂದು ಪುಸ್ತಕದಂಗಡಿಗೆ ಹೋದೆ. ಅವರು ಎತ್ತರದ ಸ್ಟೂಲಿನ ಮೇಲೆ, ನಾನು ಪಕ್ಕದಲ್ಲಿ ತಗ್ಗಿನಲ್ಲಿ, ಅವರ ಕಣ್ಣಿಗೆ ಬೀಳುವ ಹಾಗೆ ಒಂದು ಪರದೆ. ಪ್ರಶ್ನೋತ್ತರದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಹಿರಿಯರು ಎದ್ದು ನಿಂತರು. ಮೆತ್ತಗಿನ ದನಿ. ನಿಮ್ಮ ಜನ ಎಂದು ಶುರುಮಾಡಿ, ನಿಮ್ಮ ಜನಕ್ಕೆ ಮಕ್ಕಳ ಮೇಲೆ ಪ್ರೀತಿಯೇ ಇಲ್ಲ, ಹೆತ್ತು ಹೆತ್ತು ಸಾಯಲು ಕಳಿಸುತ್ತೀರಿ ಎಂದು ಹೇಳುತ್ತಾ ಹೋದರು. ಅಂಗಡಿಯ ಮ್ಯಾನೇಜರ್ ಹುಡುಗಿ ನನ್ನ ಕಡೆ ನೋಡಿ, ನಿಲ್ಲಿಸಿ ನಿಲ್ಲಿಸಿ ಎಂದು ಕೈ ಆಡಿಸಿದಳು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಕಿವಿ ಇದ್ದವರೆಲ್ಲ ಅದನ್ನು ಕೇಳಿಸಿಕೊಂಡಿದ್ದಾರೆ. ಯಾರಿಗೆ ಅಂದದ್ದೋ ಅವರಿಗೊಬ್ಬರಿಗೆ ಮಾತ್ರ ಮರೆಮಾಡುವುದೇ? ನಾನು ಒಂದಕ್ಷರ ಬಿಡದೆ ಬರೆದೆ. ನನ್ನ ಕೈಯಿಂದ ಹೊರಟ ಆ ಮಾತುಗಳನ್ನು ಅವರು ಒಂದೊಂದಾಗಿ ಓದುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಈ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಗಳಿಗೆ ಇಲ್ಲ.

ಸುಹೈಲಾ ನೀರು ಕುಡಿದರು. "ನಿಮಗೆ ಎಷ್ಟು ಮಕ್ಕಳು?" ಎಂದು ಅವರನ್ನು ಕೇಳಿದರು. ಇಬ್ಬರು ಎಂದರು. "ಹೆಸರು ಹೇಳಿ." ಆ ಮನುಷ್ಯ ಹೇಳಲಿಲ್ಲ. "ನೋಡಿ, ನೀವು ನನಗೆ ಹೇಳಲು ಹೆದರುತ್ತೀರಿ. ನನ್ನ ತಂಗಿಯ ಮೊಮ್ಮಕ್ಕಳ ಹೆಸರನ್ನು ನಾನು ನಿಮಗೆ ಹೆದರದೆ ಹೇಳುತ್ತೇನೆ" ಎಂದು ಮೂರು ಹೆಸರು ಹೇಳಿದರು. ಯಾಮೆನ್, ಮಿಸ್ಕ್, ಕಿನಾನ್. ಮದುವೆಯಾಗಿ ಗಾಜಾಕ್ಕೆ ಹೋಗಿದ್ದ ತಂಗಿ ಹುದಾಳ ಮೊಮ್ಮಕ್ಕಳು. ಮಿಸ್ಕ್‌ಗೆ ಆಗ ಹಾಲು ಹಲ್ಲು ಬೀಳುತ್ತಿದ್ದವಂತೆ. ಆ ಹೆಸರುಗಳು ಅಂದಿನಿಂದ ನನ್ನ ನಿಘಂಟಿನಲ್ಲಿದ್ದವು.

ಹೊರಗೆ ಬಂದ ಮೇಲೆ ಮ್ಯಾನೇಜರ್ ಹುಡುಗಿ ಕ್ಷಮೆ ಕೇಳಿದಳು. ಸುಹೈಲಾ ಅವಳಿಗೆ ಅಂದದ್ದು ಇಷ್ಟು: "ಒಂದು ಕಿವೀನ ಶೆಲ್ಲು ತಗೊಂಡಿತು. ಇನ್ನೊಂದು ಕಿವಿಗೆ ಏನು ಬೀಳಬೇಕು ಅಂತ ನಾನು ತೀರ್ಮಾನ ಮಾಡ್ತೀನಿ."

ಆಮೇಲೆ 2023ರಲ್ಲಿ ಗಾಜಾದ ಯುದ್ಧ ಬಂತು. ಒಂದೊಂದಾಗಿ ಅವರ ಕಾರ್ಯಕ್ರಮಗಳು ಬಿದ್ದುಹೋದವು. ಲೈಬ್ರರಿಯವರಿಗೆ ಹಾಲ್ ರಿಪೇರಿ, ಯೂನಿವರ್ಸಿಟಿಯವರಿಗೆ ಸುರಕ್ಷತೆಯ ಚಿಂತೆ, ಸಾಹಿತ್ಯದ ಉತ್ಸವದವರಿಗೆ ಇದು ಸೂಕ್ತ ಸಮಯವಲ್ಲ. ಹೊಸ ಕಾದಂಬರಿಯನ್ನು ಪ್ರಕಾಶಕರು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ತಳ್ಳಿದರು. ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ.

ಆ ಚಳಿಗಾಲದಲ್ಲಿ ಹುದಾಳ ಮಗನ ಮನೆಯ ಮೇಲೆ ಬಾಂಬ್ ಬಿತ್ತು. ಮಗ, ಸೊಸೆ, ಯಾಮೆನ್, ಮಿಸ್ಕ್, ಕಿನಾನ್. ಹುದಾ ನೀರು ತರಲು ಹೋಗಿದ್ದಳು. ಉಳಿದಳು.

ವಸಂತ ಬರುವ ಹೊತ್ತಿಗೆ ಕ್ಯಾರೊಲಿನಾದ ಕಾಲೇಜೊಂದರ ವಿದ್ಯಾರ್ಥಿಗಳು ಹಟಹಿಡಿದು ಸುಹೈಲಾ ಅವರನ್ನು ಭಾಷಣಕ್ಕೆ ಕರೆಸಿದರು. ನಾನು ತಯಾರಾಗುತ್ತಿದ್ದೆ. ಅಷ್ಟರಲ್ಲಿ ನಮ್ಮ ಏಜೆನ್ಸಿಯ ಮ್ಯಾನೇಜರ್ ಪ್ರಶಾಂತ್ ಆಫೀಸಿಗೆ ಬರಹೇಳಿದ. ಬೆಂಗಳೂರಿನ ಹುಡುಗ, ಬಸವನಗುಡಿಯವನು. ನನ್ನ ಕೈಯ ಬಿರಿಯಾನಿ ಅವನಿಗೆ ಬಹಳ ಇಷ್ಟ, ಈದ್‌ಗೆ ತಪ್ಪದೆ ಬರುತ್ತಿದ್ದ. ಬಾಗಿಲು ಹಾಕಿಕೊಂಡ.

"ಆಂಟಿ, ಪರ್ಸನಲ್ ಆಗಿ ತಗೋಬೇಡಿ. ಕಾಲೇಜಿನವ್ರಿಂದ ಒಂದು ಕನ್ಸರ್ನ್ ಬಂದಿದೆ. ಈ ಇವೆಂಟಿಗೆ ಆಟೊಮ್ಯಾಟಿಕ್ ಕ್ಯಾಪ್ಷನ್ಸ್ ಹಾಕ್ತಾರಂತೆ. ಸಾಫ್ಟ್‌ವೇರ್ ಈಗ ತುಂಬಾ ಇಂಪ್ರೂವ್ ಆಗಿದೆ."

"ಏನು ಕನ್ಸರ್ನು?"

"ಅದೇ... ನ್ಯೂಟ್ರಲ್ ಆಗಿರ್ಬೇಕು ಅಂತ. ನಿಮ್ಮ ಹೆಸರು ನೋಡಿ ಯಾರೋ ಕೇಳಿದ್ದಾರೆ, ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಇರ್ಬಹುದಾ ಅಂತ."

"ಏಳು ವರ್ಷ ಚರ್ಚಿನ ಪ್ರವಚನ ಬರೆದೆನಲ್ಲ ಪ್ರಶಾಂತ್, ಆಗ ನನ್ನ ಹೆಸರು ಏನಿತ್ತು?"

ಅವನು ಮೇಜು ನೋಡಿದ. "ನಂಗೆ ಗೊತ್ತು ಆಂಟಿ. ಆದ್ರೆ ನನ್ನ ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ. ಈ ಕಾಲೇಜಿನ ಅಕೌಂಟ್ ಕಳ್ಕೊಂಡ್ರೆ ನನ್ನ ಕುತ್ತಿಗೆಗೆ ಬರತ್ತೆ."

ಅವನ ಹೆದರಿಕೆ ಸುಳ್ಳಲ್ಲ. ಹೆದರಿಸುವವರಿಗೆ ಅದು ಚೆನ್ನಾಗಿ ಗೊತ್ತು, ಅದಕ್ಕೇ ಇಂಥ ಕೆಲಸಕ್ಕೆ ಹೆದರುವವರನ್ನೇ ಮುಂದೆ ಬಿಡುತ್ತಾರೆ. ಆದರೂ ಅವತ್ತು ನನ್ನ ಮೈ ಉರಿಯಿತು. ಕೊಲೆಗಾರರ ಮಾತನ್ನು ಬರೆದಿದ್ದೇನೆ, ಹೆಂಡತಿಗೆ ಹೊಡೆದವನ ಮಾತನ್ನು ಬರೆದಿದ್ದೇನೆ, ನನ್ನ ಧರ್ಮವನ್ನು ಬಯ್ಯುವ ಕೌನ್ಸಿಲ್ ಸದಸ್ಯನ ಮಾತನ್ನು ಕಾಮಾ ಫುಲ್‌ಸ್ಟಾಪ್ ಸಮೇತ ಬರೆದಿದ್ದೇನೆ. ಆಗೆಲ್ಲ ನಾನು ಗೋಡೆ. ಈಗ ಒಬ್ಬ ಮುದುಕಿ ತನ್ನ ಮನೆಯ ಸಾವನ್ನು ಹೇಳಿಕೊಳ್ಳಲು ಹೊರಟರೆ ನಾನು ನಸೀಮಾ ಬಾನು!

ಕೆಲಸ ಕೊಡದಿದ್ದರೆ ಬೇಡ, ಸಭಿಕಳಾಗಿ ಹೋಗುತ್ತೇನೆಂದು ಫೋರ್ಟ್ ಮಿಲ್‌ಗೆ ಮಗಳ ಮನೆಗೆ ಬಂದೆ. ಆಯೇಷಾ ಕಾರಿನಲ್ಲಿ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ, "ಅಮ್ಮಿ, ಪ್ಲೀಸ್, ಡೋಂಟ್ ಮೇಕ್ ಎ ಸೀನ್, ಓಕೆ?" ಎಂದಳು. "ನಾನ್ಯಾಕೆ ಮಾಡಲಿ, ಸುಮ್ಮನೆ ಕೂತು ಬರ್ತೀನಿ" ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಹಾಲ್ ತುಂಬಿತ್ತು. ವೇದಿಕೆಯ ಹಿಂದೆ ದೊಡ್ಡ ಪರದೆ, ಸುಹೈಲಾ ಮುಂದೆ ಒಂದು ಸಣ್ಣದು. ಎರಡರ ಮೇಲೂ ಯಂತ್ರದ ಅಕ್ಷರಗಳು ಓಡುತ್ತಿದ್ದವು. ಸುಲಭದ ಮಾತುಗಳೆಲ್ಲ ಚೆನ್ನಾಗೇ ಬರುತ್ತಿದ್ದವು, ಸುಳ್ಳು ಹೇಳುವುದಿಲ್ಲ. ಅರಬ್ಬಿ ಉಚ್ಚಾರದ ಇಂಗ್ಲಿಷ್ ಬಂದಾಗ ಅದು ತಡವರಿಸುತ್ತಿತ್ತು. ಅವರು ಕಾದಂಬರಿಯ ಒಂದು ಭಾಗ ಓದಿದರು. ಆಮೇಲೆ ಕನ್ನಡಕ ತೆಗೆದು, "ಈಗ ನನ್ನ ಮನೆಯ ಮೂರು ಮಕ್ಕಳ ಹೆಸರು ಹೇಳುತ್ತೇನೆ. ನೀವು ಕೇಳಿಸಿಕೊಳ್ಳಬೇಕು" ಎಂದರು.

"ಯಾಮೆನ್" ಎಂದರು. ಪರದೆಯ ಮೇಲೆ, ಅವರ ತಲೆಯ ಹಿಂದೆ, ಆಳೆತ್ತರದ ಅಕ್ಷರದಲ್ಲಿ "ಯಾ, ಮ್ಯಾನ್" ಎಂದು ಮೂಡಿತು. ಹೂಂ ಕಣಪ್ಪಾ ಅನ್ನುವ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಿಸ್ಕ್ ಎಂದರು, "ಮಾಸ್ಕ್" ಎಂದು ಬಂತು. ಸುಹೈಲಾ ಸಣ್ಣ ಪರದೆಯನ್ನು ನೋಡಿದರು. ಮತ್ತೆ ಯಾಮೆನ್ ಎಂದರು, ನಿಧಾನವಾಗಿ, ಮಕ್ಕಳಿಗೆ ಕಲಿಸುವ ಹಾಗೆ. ಮತ್ತೆ "ಯಾ, ಮ್ಯಾನ್." ಮೂರನೆಯ ಹೆಸರು ಹೊರಗೆ ಬರಲಿಲ್ಲ.

ನಾನೂ ತಪ್ಪು ಮಾಡಿದವಳೇ. ಅವರ ತಂದೆಯ ಊರನ್ನೇ ಕೆಡಿಸಿದವಳು. ಆದರೆ ನನಗೆ ನಾಚಿಕೆಯಾಗಿತ್ತು, ಮರುದಿನ ಕೂತು ಕಲಿತೆ. ಆ ಪರದೆಗೆ ನಾಚಿಕೆಯಿಲ್ಲ. ಅದನ್ನು ಅಲ್ಲಿ ತಂದಿಟ್ಟವರಿಗೂ ಇಲ್ಲ. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ನಲವತ್ತು ವರ್ಷ ಸಭೆಗಳಲ್ಲಿ ಕೂತು ಬಾಯಿ ತೆರೆಯದವಳು ಕಿರುಚಿದೆ.

"ಅದು ಅವನ ಹೆಸರಲ್ಲ! ನಿಲ್ಲಿಸಿ ಅದನ್ನ! ಆಫ್ ಮಾಡಿ!"

ಇಂಗ್ಲಿಷಿನಲ್ಲಿ ಕಿರುಚಿದ್ದೆ. ಯಂತ್ರ ಅದನ್ನು ಒಂದಕ್ಷರ ತಪ್ಪಿಲ್ಲದೆ ಬರೆಯಿತು. ಸುಹೈಲಾ ಅದನ್ನು ಓದಿ, ಕಣ್ಣು ಕಿರಿದು ಮಾಡಿ ಕತ್ತಲಲ್ಲಿ ಜನರ ನಡುವೆ ಹುಡುಕಿದರು.

ಸಂಚಾಲಕ ಮೈಕಿನಲ್ಲಿ, "ಮೇಡಂ, ದಯವಿಟ್ಟು ಕೂತ್ಕೊಳ್ಳಿ, ಎಲ್ಲರ ಸುರಕ್ಷತೆಗಾಗಿ" ಎಂದ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ನೀರಿನ ಬಾಟಲಿ ಕೂಡ ಇರಲಿಲ್ಲ. ಯಾರ ಸುರಕ್ಷತೆ? ನಾನು ಕೂರಲಿಲ್ಲ. ಸೆಕ್ಯುರಿಟಿಯವನು ಬಂದ. ಅಕ್ಕಪಕ್ಕದವರು ಕಾಲು ಮಡಚಿ ದಾರಿ ಬಿಟ್ಟರು, ಒಬ್ಬರೂ ನನ್ನ ಮುಖ ನೋಡಲಿಲ್ಲ. ಆಯೇಷಾ ಹಿಂದೆಯೇ ಓಡಿ ಬಂದಳು. ಬಯ್ಯುತ್ತಾಳೆ ಎಂದುಕೊಂಡೆ. ಪಾರ್ಕಿಂಗ್ ಲಾಟಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. "ದೇ ಲಾಫ್ಡ್, ಅಮ್ಮಿ. ದೇ ಆಕ್ಚುವಲಿ ಲಾಫ್ಡ್" ಎಂದು ಅತ್ತಳು.

ಮರುದಿನ ಪ್ರಶಾಂತ್ ಫೋನ್ ಮಾಡಿದ. ಕಂಪನಿಯ ನಿಯಮ, ಕ್ಯಾಪ್ಷನರ್ ಸಭೆಯಲ್ಲಿ ಮಾತಾಡುವ ಹಾಗಿಲ್ಲ ಎಂದ. ನಾನು ಅಲ್ಲಿ ಕ್ಯಾಪ್ಷನರ್ ಆಗಿರಲಿಲ್ಲವಲ್ಲ ಎಂದೆ. "ಹೇಗೂ ನೀವು ರಿಟೈರ್ ಆಗೋ ಪ್ಲಾನ್‌ನಲ್ಲಿದ್ರಿ ಅಲ್ವಾ ಆಂಟಿ?" ಎಂದ. ಹಾಗೆ ನಾನು ನಿವೃತ್ತಳಾದೆ. ಆ ವರ್ಷ ಈದ್‌ಗೆ ಅವನು ಬರಲಿಲ್ಲ. ನಾನೂ ಕರೆಯಲಿಲ್ಲ.

ಸುಹೈಲಾ ಕಲಿಸುತ್ತಿದ್ದ ಕಾಲೇಜಿನವರೂ ಅವರ ಕರಾರನ್ನು ಮುಂದುವರಿಸಲಿಲ್ಲ. ಅವರು ಫೋರ್ಟ್ ಮಿಲ್‌ನ ಮನೆ ಬಿಟ್ಟು ಅಟ್ಲಾಂಟಾ ಕಡೆ ಸಣ್ಣ ಅಪಾರ್ಟ್‌ಮೆಂಟಿಗೆ ಬಂದರು. ಬಲಗಿವಿಯೂ ಸೋಲುತ್ತಿತ್ತು. ಹುದಾಳ ಕನ್ನಡಕ ಒಡೆದುಹೋಗಿ ಅವಳಿಗೆ ಟೈಪ್ ಮಾಡಲಾಗದು, ಡೇರೆಯಿಂದ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಇವರಿಗೆ ಕೇಳಿಸದು, ಪಕ್ಕದ ಮನೆಯ ಈಜಿಪ್ಟಿನ ಹೆಂಗಸು ಕೇಳಿ ಬರೆದುಕೊಡಬೇಕು. ಒಬ್ಬಳಿಗೆ ಕಣ್ಣಿಲ್ಲ, ಒಬ್ಬಳಿಗೆ ಕಿವಿಯಿಲ್ಲ. ಇದು ವಿಧಿಯಲ್ಲ. ಮನುಷ್ಯರು ಮಾಡಿದ್ದು.

ಅಷ್ಟಾದರೂ ಹೊಸ ಕಾದಂಬರಿಯನ್ನು ಕೈಬಿಡಲಿಲ್ಲ, ದೊಡ್ಡ ಪ್ರಕಾಶಕರು ತಳ್ಳುತ್ತಲೇ ಇದ್ದುದನ್ನು ಸಣ್ಣ ಪ್ರಕಾಶನವೊಂದು ತಂದಿತು. ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ ನಮ್ಮ ಕಡೆಯ ಜನ ಇಷ್ಟೊಂದಿದ್ದಾರೆ, ಒಂದು ಸಭೆ ಮಾಡೋಣವೆಂದು ಅಲ್ಲಿನ ನಮ್ಮವರ ಒಂದು ಸಂಘದ ಅಧ್ಯಕ್ಷರನ್ನು ಕೇಳಿದೆ. "ಮೇಡಂ, ನಮ್ದು ಕಲ್ಚರಲ್ ಆರ್ಗನೈಸೇಷನ್. ಪಾಲಿಟಿಕ್ಸ್ ಬೇಡ ಅಂತ" ಎಂದರು. ಕಾದಂಬರಿ ಕಲ್ಚರ್ ಅಲ್ಲವೇ ಎಂದರೆ, "ಬೇರೆ ಯಾವ್ದಾದ್ರೂ ಕಾದಂಬರಿ ಇದ್ರೆ ಹೇಳಿ" ಎಂದರು!

ಇದನ್ನು ಲವೀನಾಗೆ ಹೇಳಿದೆ. ಉಡುಪಿ ಕಡೆಯ ಕ್ಯಾಥೊಲಿಕ್ ಹೆಂಗಸು, ನಾರ್‌ಕ್ರಾಸ್‌ನಲ್ಲಿ ರೆಸ್ಟೋರೆಂಟ್ ಇಟ್ಟಿದ್ದಾಳೆ. ಹಿಂದೆ ಒಂದು ಪಾರ್ಟಿ ಹಾಲ್ ಇದೆ. ಅವಳು ದೋಸೆ ಕಾವಲಿಯ ಮುಂದೆ ಸೌಟು ಹಿಡಿದೇ ಕೂಗಾಡಿದಳು.

"ಎಂತ ಪಾಲಿಟಿಕ್ಸ್ ಅಂತೆ ಇವ್ರಿಗೆ! ಎಲೆಕ್ಷನ್ ಬಂದ್ರೆ ನನ್ನ ಹಾಲಲ್ಲೇ ಕೂತು ಫಂಡ್ ರೈಸ್ ಮಾಡ್ತಾರೆ, ಅದು ಪಾಲಿಟಿಕ್ಸ್ ಅಲ್ವಾ ನಸೀಮಕ್ಕ? ಭಾನುವಾರ ಮಧ್ಯಾಹ್ನ ಮಾಡುವ. ಯಾರು ಬೇಡ ಹೇಳ್ತಾರೆ ನಾನೂ ನೋಡ್ತೇನೆ."

ಬಂದದ್ದು ಒಂದೈವತ್ತು ಜನ. ಲವೀನಾ ಚರ್ಚಿನ ಹೆಂಗಸರು, ಮೈಸೂರು ಬೆಂಗಳೂರಿನ ಕೆಲವು ಕುಟುಂಬ, ಆಯೇಷಾ ಮತ್ತವಳ ಗೆಳತಿಯರು. ಗೋಡೆಯ ಮೇಲೆ ಯಾವುದೋ ಹುಟ್ಟುಹಬ್ಬದ ಬಣ್ಣದ ಕಾಗದ ಇನ್ನೂ ಅಂಟಿತ್ತು. ನಾನು ಯಂತ್ರ ಜೋಡಿಸಿದೆ, ಅಕ್ಷರಗಳು ಬಿಳಿಯ ಗೋಡೆಯ ಮೇಲೇ ಬೀಳುವ ಹಾಗೆ. ಸುಹೈಲಾ ಓದಿದರು. ಪ್ರಶ್ನೆಗಳು ಶುರುವಾದವು. ಎರಡನೆಯ ಪ್ರಶ್ನೆಗೆ ಉತ್ತರಿಸುತ್ತಿರುವಾಗ ಮೇಜಿನ ಮೇಲಿದ್ದ ಅವರ ಫೋನ್ ನಡುಗಿತು. ಹುದಾ.

ಅಲ್ಲಿಂದ ನೇರ ಕರೆ ಬರುವುದೇ ಅಪರೂಪ. ನೆಟ್‌ವರ್ಕ್ ಸಿಕ್ಕ ಗಳಿಗೆಯಲ್ಲಿ ಎತ್ತದಿದ್ದರೆ ಮತ್ತೆ ಯಾವಾಗಲೋ. ಸುಹೈಲಾ ಎತ್ತಿದರು. ಬಲಗಿವಿಗೆ ಒತ್ತಿ ಹಿಡಿದರು. ಮುಖ ಸೊರಗಿತು. "ಕೇಳಿಸ್ತಿಲ್ಲ" ಎಂದರು. ಸ್ಪೀಕರ್ ಹಾಕಿ ನನ್ನ ಮುಂದೆ ಇಟ್ಟು, "ಬರಿ" ಎಂದರು.

"ನನಗೆ ಅರಬ್ಬಿ ಬರೋದಿಲ್ಲ" ಎಂದೆ. ನಮಾಜಿನ ಅರಬ್ಬಿ ಬಿಟ್ಟರೆ ನನಗೇನು ಗೊತ್ತು? ಹಾಲಿನಲ್ಲಿ ಅರಬ್ಬಿ ಬಲ್ಲವರು ಒಬ್ಬರೂ ಇರಲಿಲ್ಲ.

"ಏನು ಕೇಳಿಸತ್ತೋ ಅದನ್ನ ಬರಿ."

ಮಾತಲ್ಲದ ಸದ್ದನ್ನು ಕಂಸದೊಳಗೆ ಬರೆಯುವುದು ನಮ್ಮ ಪದ್ಧತಿ. ಚಪ್ಪಾಳೆ, ಬಾಗಿಲು ಬಡಿತ, ಅಂಥವನ್ನು. ಹಾಗೇ ಬರೆಯತೊಡಗಿದೆ.

[ಹೆಂಗಸಿನ ದನಿ. ನಿಮ್ಮ ಹೆಸರು ಕರೆಯುತ್ತಿದ್ದಾರೆ.]

ಸುಹೈಲಾ ಅರಬ್ಬಿಯಲ್ಲಿ ಏನೋ ಕೂಗಿ ಹೇಳಿದರು.

[ವೇಗವಾಗಿ ಮಾತಾಡುತ್ತಿದ್ದಾರೆ. ಅಲ್‌ಹಮ್ದುಲಿಲ್ಲಾಹ್ ಎಂದರು. ಹಿಂದೆ ಮಕ್ಕಳ ಗಲಾಟೆ. ಪಾತ್ರೆ ಬಿದ್ದ ಸದ್ದು. ನಗು.]

ಸುಹೈಲಾ ಗೋಡೆ ಓದಿ ತಾವೂ ನಕ್ಕರು, ಒಂದು ಗಳಿಗೆ ತಡವಾಗಿ.

[ಮೇಲೆಲ್ಲೋ ಮೋಟಾರಿನಂಥ ಸದ್ದು, ಒಂದೇ ಸಮ, ನಿಲ್ಲುತ್ತಿಲ್ಲ.]

ಅದು ಡ್ರೋನ್ ಎಂದು ನನಗೆ ತಿಳಿಯಲಿಲ್ಲ. ಸುಹೈಲಾಗೆ ತಿಳಿಯಿತು. ಅವರ ನಗು ಹೋಯಿತು. ಮತ್ತೆ ಮತ್ತೆ ಏನೋ ಕೇಳಿದರು. ಫೋನಿನಿಂದ ಬಂದ ದನಿ ಏರಿತು, ಒಡೆಯಿತು, ಎಳೆಯಾಯಿತು. ನನ್ನ ಕೈ ನಿಂತಿತು. ಅದು ಅಳುವೋ ನಗುವೋ ನನಗೆ ಗೊತ್ತಾಗಲಿಲ್ಲ. ಸುಹೈಲಾ ಗೋಡೆಯಿಂದ ಕಣ್ಣು ತೆಗೆಯದೆ ಕಾಯುತ್ತಿದ್ದರು. ಐವತ್ತು ಜನರೂ ಗೋಡೆ ನೋಡುತ್ತಿದ್ದರು. ಲವೀನಾ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು.

[ಅಳುವೋ ನಗುವೋ ತಿಳಿಯುತ್ತಿಲ್ಲ] ಎಂದು ಬರೆದೆ. ಆಮೇಲೆ, [ಲೈನ್ ಕಡಿಯಿತು.]

ಸುಹೈಲಾ ಆ ಎರಡು ಸಾಲುಗಳನ್ನು ಓದಿದರು. ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಕಣ್ಣಲ್ಲಿ ನೀರಿರಲಿಲ್ಲ. ಆ ಮುಖದಲ್ಲಿದ್ದ ಸಿಟ್ಟನ್ನು ನಾನು ಯಾವ ಕಂಸದೊಳಗೂ ಬರೆಯಲಾರೆ. ಸಭೆಯ ಕಡೆ ತಿರುಗಿ, ಮೈಕನ್ನು ಹತ್ತಿರ ಎಳೆದುಕೊಂಡು ಕೇಳಿದರು:

"ಮುಂದಿನ ಪ್ರಶ್ನೆ ಯಾರದು?"